ಕಾಲರ್ ಒಳಗಿನ ನಂಬರು

ಕ್ಯಾಂಪಿನ ದೊಡ್ಡ ಸಾಹೇಬರಿಗೆ, ನಿಮ್ಮ ಸಮವಸ್ತ್ರ ಹೊಲಿಯುವ ಟೈಲರಮ್ಮನ ನಮಸ್ಕಾರ.

ಸಿಪಾಯಿಗಳಿಗೆ ಗುಪ್ತರೋಗ ಅಂಟಿಸುವ ಹೆಂಗಸರು ಅಂತ ಗೇಟಿನಲ್ಲಿ ಬೋರ್ಡು ಹಾಕಿಸಿದ್ದೀರಿ. ಮೊದಲ ಹೆಸರೇ ನನ್ನ ತಂಗಿಯದು.

ಅವಳಿಗೆ ಅಂಟಿಸಿದವನು ಹೇಳಿದ್ದು ಸುಳ್ಳು ಹೆಸರು. ನಮ್ಮ ಮನೆಗೆ ಬರುವಾಗಲೆಲ್ಲ ಅಂಗಿಯ ಎದೆ ಮೇಲಿನ ಹೆಸರುಪಟ್ಟಿ ಬಿಚ್ಚಿಟ್ಟು ಬರುತ್ತಿದ್ದ, ಜಾಣ. ಹೋದ ವಾರ ಅಪ್ಪನ ಕೆಮ್ಮು ಕೇಳಿ ಅಂಗಿ ಬಿಟ್ಟು ಓಡಿದ. ಕಾಲರ್ ಒಳಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ನಾನು ಹೊಲಿಯುವ ಅಳತೆ ನಂಬರು ಅವನಿಗೆ ಗೊತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಆ ನಂಬರು ನಿಮ್ಮದು, ಸಾಹೇಬರೆ.

ಬೋರ್ಡು ತೆಗೆಸಿ ಅಂತ ಬೇಡಲು ಬರೆದಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಅಂಗಿ ಒಗೆದು, ಇಸ್ತ್ರಿ ಮಾಡಿ, ಬೆಳಿಗ್ಗೆಯೇ ನಿಮ್ಮ ಮನೆಯಲ್ಲಿ ಅಮ್ಮಾವ್ರ ಕೈಗೇ ಕೊಟ್ಟು ಬಂದೆ. ಜೇಬಿನಲ್ಲಿ ತಂಗಿಗೆ ಔಷಧಿ ಕೊಡುವ ನರ್ಸಮ್ಮನ ಚೀಟಿಯಿದೆ: ಗಂಡ ಹೆಂಡತಿ ಇಬ್ಬರೂ ಪರೀಕ್ಷೆಗೆ ಬರಬೇಕು.

ಇಂತಿ,
ಬೋರ್ಡಿನ ಮೊದಲ ಹೆಸರಿನವಳ ಅಕ್ಕ