ಹಕಾರ ಬೇಡವಂತೆ

ಅಕ್ಕಾ,

ಆರೋಗ್ಯವಾಗಿದ್ದೇನೆ, ಆದರೆ ಮೈಯೆಲ್ಲ ಉರಿಯುತ್ತಿದೆ. ಈ ಸಿನಿಮಾ ಸ್ಟುಡಿಯೊದಲ್ಲಿ ಪ್ಲೈವುಡ್ಡಿನಿಂದ ಇಡೀ ಹಳ್ಳಿ ಕಟ್ಟಿದ್ದಾರೆ. ಹಾಲಿನಂಗಡಿಗೆ ನಾನು ಬರೆದ ಬೋರ್ಡು ನೋಡಿ ನಿರ್ದೇಶಕ ಮಹಾಶಯ, “ಹಾಲು ಅಲ್ಲಮ್ಮ, ಆಲು ಅಂತ ಬರಿ. ಹಳ್ಳಿಯೋರು ಅಂದ್ರೆ ತಪ್ಪು ಬರೀಬೇಕು, ಜನ ನಗಬೇಕು” ಅಂದ. ನೀನು ಕಿವಿ ಹಿಂಡಿ ಕಲಿಸಿದ ಹಕಾರವನ್ನು ಎಲ್ಲ ಬೋರ್ಡುಗಳಿಂದಲೂ ನಾನೇ ಅಳಿಸಿದೆ. ಹಳ್ಳಿಯವರಿಗೆ ಉದ್ಯೋಗ ಕೊಡುತ್ತೇವೆಂದು ಸರ್ಕಾರದಿಂದ ಜಾಗ ಪಡೆದವರು ಇವರೇ. ಕೊಟ್ಟಿದ್ದು ನಮ್ಮನ್ನು ನಾವೇ ಆಡಿಕೊಳ್ಳುವ ಕೆಲಸ!

ನಾಳೆ ಮಂತ್ರಿಗಳು ಬರುತ್ತಾರಂತೆ. ಹೆಬ್ಬಾಗಿಲಿಗೆ “ಹಳ್ಳಿಯ ಪ್ರತಿಭೆಯೇ ನಮ್ಮ ಹೆಮ್ಮೆ” ಎಂದು ಬರೆಯಲು ಹೇಳಿದರು. ಅವರ ಕಾಗುಣಿತದಲ್ಲೇ ಬರೆದುಕೊಟ್ಟೆ: “ಅಳ್ಳಿಯ ಪ್ರತಿಭೆಯೇ ನಮ್ಮ ಎಮ್ಮೆ.”

ಬಣ್ಣ ಒಣಗಿದೆ, ನಮ್ಮೂರಿನ ಬಸ್ಸು ಬಂತು. ಈ ಕಾರ್ಡಿಗಿಂತ ಮೊದಲೇ ನಾನು ಬಂದರೂ ಬಂದೇನು.

ನಿನ್ನ ತಂಗಿ,
ಅವರ ಎಮ್ಮೆ