ಐವತ್ತೈದರ ಪೆಟ್ಟಿಗೆ

ಜೂನ್ 3

ಕಾಫಿ ಆರಿತು, ಮತ್ತೆ. ಬಾಣದ ಕಡ್ಡಿ ಆರಿಸಲು ಕೂತರೆ ಹೀಗೇ. ನಿನ್ನೆ ಉರುಟು ಮಾಡಿದ ಕಂತೆಯಲ್ಲಿ ಅರ್ಧಕ್ಕರ್ಧ ಒಲೆಗೆ. ಒಂದರಲ್ಲಿ ಗಂಟು. ಒಂದರಲ್ಲಿ ಮರದ ಎಳೆ ನಡುವಿನಲ್ಲೇ ಓರೆಯಾಗಿ ಹೊರಗೆ ಓಡಿದೆ — ಬಿಲ್ಲಿಗೇರಿಸಿದರೆ ಅಲ್ಲೇ ಮುರಿದು ಕೈಗೆ ನಾಟುತ್ತದೆ. ಇನ್ನೊಂದು ನೋಡಲು ಮದುಮಗ. ಕಿವಿಯ ಹತ್ತಿರ ಹಿಡಿದು ಬಗ್ಗಿಸಿದೆ, ಒಳಗೆಲ್ಲೋ ಚಿಟ್ ಎಂದಿತು. ಅದೂ ಒಲೆಗೆ.

ಶೆಡ್ ತುಂಬ ಶುಂಠಿ ವಾಸನೆ. ನಮ್ಮ ಕರಾವಳಿಯ ಸೀಡರ್ ಮರ ಕೊಯ್ದ ದಿನ ಹೀಗೇ. ಊಟಕ್ಕೆ ಕರೆಯಲು ಬಂದ ವರ್ನಾ ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡಳು. ಮದುವೆಯಾಗಿ ಇಷ್ಟು ವರ್ಷ, ಈ ಹೊಸಿಲು ದಾಟಿದವಳಲ್ಲ.

"ಆ ಕಡ್ಡಿಗಳನ್ನೇ ಕಟ್ಕೋಬೇಕಿತ್ತು ನೀನು."

"ಅವು ಎದುರು ಮಾತಾಡಲ್ಲ."

"ಮಾತಾಡೋ ದಿನ ಬರುತ್ತೆ, ನೋಡ್ತಿರು."

ಮಧ್ಯಾಹ್ನ ನನ್ನದೇ ಬಾಣಗಳಿಗೆ ಕಡ್ಡಿ ಆರಿಸಿದೆ. ಸೆಪ್ಟೆಂಬರ್ ಎಲ್ಕ್ ಬೇಟೆಗೆ, ಕುದುರೆಯಷ್ಟು ದೊಡ್ಡ ಕಾಡುಜಿಂಕೆ ಅದು. ಇದರಲ್ಲಿ ಯೋಚಿಸುವುದೇನಿದೆ? ಎಳೆಯಲು ಐವತ್ತೈದು ಪೌಂಡ್ ಬಲ ಬೇಡುವ ಬಿಲ್ಲಿಗೆ, ಬಿಗಿ ಅಳೆದು ಐವತ್ತೈದರ ಪೆಟ್ಟಿಗೆಗೆ ಹಾಕಿದ ಕಡ್ಡಿ. ಕಡ್ಡಿ ತೀರ ಬಿಗಿಯಾದರೆ ಬಾಣ ಎಡಕ್ಕೆ ಹೋಗುತ್ತದೆ, ತೀರ ಸಡಿಲವಾದರೆ ಬಲಕ್ಕೆ. ಕಡ್ಡಿ ಕೊಳ್ಳುವ ಊರೂರಿನವರು ಫೋನ್ ಮಾಡಿ ಕೇಳುವುದೂ ಇದನ್ನೇ, ನಾನು ಹೇಳುವುದೂ ಇದನ್ನೇ.

ಜೂನ್ 19

ಗರಿ ಅಂಟಿಸಿ, ತುದಿಗೆ ಅಲಗು ಕೂರಿಸಿ, ಹಿತ್ತಲಿನ ಹುಲ್ಲುಪಿಂಡಿಗೆ ಹೊಡೆದೆ. ಎಡಕ್ಕೆ. ಇನ್ನೊಂದು — ಎಡಕ್ಕೆ. ಎಲ್ಲವೂ ಒಂದೇ ಕಡೆ, ಹಾಳಾದವು, ಮಾತಾಡಿಕೊಂಡ ಹಾಗೆ.

ಬಿಗಿ ಅಳೆಯುವ ಯಂತ್ರವೇ ಕೆಟ್ಟಿರಬೇಕು. ಬಿಚ್ಚಿ ಒರೆಸಿ ಎಣ್ಣೆ ಹಾಕಿದೆ. ಕಡ್ಡಿಗಳನ್ನು ಮತ್ತೆ ಅದರ ಮೇಲಿಟ್ಟೆ. ಎಲ್ಲವೂ ಐವತ್ತೈದೇ.

ಜೂನ್ 21

ಗರಿ ಬದಲಾಯಿಸಿದೆ. ಎಡಕ್ಕೆ.

ಜೂನ್ 22

ಹೆದೆ ಬದಲಾಯಿಸಿದೆ. ಎಡಕ್ಕೆ. ವರ್ನಾಳ ಮೇಲೆ ರೇಗಿದೆ. ಅವಳದೇನೂ ತಪ್ಪಿಲ್ಲ, ಪಾಪ, ಬಟ್ಟೆ ಒಣಹಾಕುತ್ತಿದ್ದಳು ಅಷ್ಟೆ. ಗಾಳಿಗೆ ಬೆಡ್‌ಶೀಟ್ ಪಟಪಟ ಎನ್ನುತ್ತಿದೆ, ಗಮನ ಹೋಗುತ್ತಿದೆ ಎಂದು ಕೂಗಾಡಿದೆ. ಅವಳು ಒದ್ದೆ ಬಟ್ಟೆಯನ್ನೇ ತೆಗೆದುಕೊಂಡು ಒಳಗೆ ಹೋದಳು.

ಜೂನ್ 30

ಮರವೇ ಸರಿಯಿಲ್ಲ. ಈಗಿನ ಸೀಡರ್‌ಗಳಿಗೆ ಬೇರುರೋಗ. ನಿಂತಲ್ಲೇ ಕೆಂಪಗಾಗಿ ಸಾಯುತ್ತಿವೆ. ಅಂಥ ಮರದಿಂದ ಎಂಥ ಕಡ್ಡಿ ಬಂದೀತು? ಐವತ್ತೈದರ ಪೆಟ್ಟಿಗೆ ಪೂರ್ತಿ ಒಲೆಗೆ ಸುರಿಯಬೇಕು ಅನಿಸಿತು. ಸುರಿಯಲಿಲ್ಲ.

ಕೈ ಸ್ವಲ್ಪ ಸೋಲುತ್ತದೆ, ಬಲಗೈ. ವಯಸ್ಸಲ್ಲವೇ.

ಜುಲೈ 5

ನಿನ್ನೆಯ ಸ್ವಾತಂತ್ರ್ಯ ದಿನದ ಪಟಾಕಿ, ಬಿಯರು, ಸುಟ್ಟ ಮಾಂಸ ಎಲ್ಲ ಮುಗಿಸಿ ಲೋವೆಲ್ ಇಲ್ಲೇ ಮಲಗಿದ್ದ. ವರ್ನಾಳ ತಮ್ಮ. ನನ್ನ ಜೊತೆ ಬೇಟೆಗೆ ಬರುವವನು, ಬಾಣಗಳನ್ನೆಲ್ಲ ಜರೀಗಿಡಗಳ ಪೊದೆಯಲ್ಲಿ ಕಳೆದು ಬರುವವನು. ಬೆಳಿಗ್ಗೆ ಎದ್ದು ಹಿತ್ತಲಿಗೆ ಬಂದ. ನಾನು ಹೊಡೆಯುವುದನ್ನು ನೋಡುತ್ತ ನಿಂತ.

"ಮರ ಸರಿಯಿಲ್ಲ ಕಣೋ ಈ ಸಲ," ಎಂದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಕೊಡು ಭಾವ ಇಲ್ಲಿ."

ನನ್ನದೇ ಬಿಲ್ಲು. ನನ್ನದೇ ಬಾಣ. ಅವನ ಕಣ್ಣಲ್ಲಿ ಇನ್ನೂ ಪಿಸುರು, ನಿನ್ನೆಯ ಶರ್ಟು. ಎಳೆದ, ಬಿಟ್ಟ. ನಡುಮಧ್ಯಕ್ಕೆ. ಇನ್ನೊಂದು. ಅದರ ಪಕ್ಕದಲ್ಲೇ.

ನಕ್ಕು ಹೀಯಾಳಿಸುತ್ತಾನೆ ಎಂದುಕೊಂಡೆ. ನಗಲಿಲ್ಲ. ಬಿಲ್ಲು ವಾಪಸು ಕೊಟ್ಟ.

"ಎಳಿ ನೋಡೋಣ. ಬಿಡ್ಬೇಡ. ಸುಮ್ನೆ ಎಳ್ದು ಹಿಡ್ಕೋ."

ಎಳೆದೆ. ಹೆದೆ ಬಾಯಿಯ ಅಂಚಿಗೆ ಬಂದಿತ್ತು. ಬಂದಿದೆ ಎಂದೇ ನಾನು ಆಣೆ ಮಾಡಿ ಹೇಳುತ್ತಿದ್ದೆ. ಅವನು ನನ್ನ ಕೆನ್ನೆಗೂ ಹೆದೆಗೂ ನಡುವೆ ತನ್ನ ಕೈಯಿಟ್ಟ. ನಾಲ್ಕೂ ಬೆರಳು ಹಿಡಿದವು.

"ಭಾವ... ನೀನು ಪೂರ್ತಿ ಎಳೀತಾನೇ ಇಲ್ಲ."

"ಎಳ್ದಿದೀನಲ್ಲೋ!"

"ಇಲ್ಲ ಭಾವ. ಕಡ್ಡಿ ಸರಿಯಾಗೇ ಇದೆ."

ಹೌದು. ಎಳೆತ ಕಡಿಮೆಯಾದರೆ ಬಿಲ್ಲು ಸಡಿಲ. ಬಿಲ್ಲು ಸಡಿಲವಾದರೆ ಐವತ್ತೈದರ ಕಡ್ಡಿ ತೀರ ಬಿಗಿ. ಆಗ ಬಾಣ ಎಡಕ್ಕೆ. ಫೋನ್ ಮಾಡುವ ಪ್ರತಿ ಹುಡುಗನಿಗೂ ಇದನ್ನು ಬಿಡಿಸಿ ಹೇಳುತ್ತೇನೆ. "ನಿನ್ನ ಬಿಲ್ಲಿನ ಮೇಲೆ ಬರೆದಿರೋದನ್ನ ಹೇಳ್ಬೇಡ ಮರಿ, ನೀನು ಎಷ್ಟು ಎಳೀತೀಯ ಅದನ್ನ ಹೇಳು." ನನಗೆ ಮಾತ್ರ ಹೋದ ವರ್ಷದ ಕೈ ನೋಡಿ ಕಡ್ಡಿ ಆರಿಸಿಕೊಂಡಿದ್ದೇನೆ, ಮುಟ್ಠಾಳ.

ಜುಲೈ 24

ಡಾಕ್ಟರ್ ಹೆಬ್ಬೆರಳಿನ ಬುಡ ಒತ್ತಿ ನೋಡಿದರು. ಅಲ್ಲಿನ ಮಾಂಸ ಇಳಿದುಹೋಗಿದೆ, ಗುಳಿ ಬಿದ್ದಿದೆ. ನಾನು ನೋಡಿಯೇ ಇರಲಿಲ್ಲ. ಕಡ್ಡಿಯಲ್ಲಿನ ಕೂದಲೆಳೆಯಷ್ಟು ಬಿರುಕನ್ನು ಬೆಳಕಿಗೆ ಹಿಡಿದು ಕಂಡುಹಿಡಿಯುವವನು ನಾನು. ತೋಳಿನಲ್ಲಿ ಚರ್ಮದ ಕೆಳಗೆ ಏನೋ ಸಣ್ಣಗೆ ಮಿಡುಕುತ್ತಿರುತ್ತದೆ, ಅದು ಎಷ್ಟು ದಿನದಿಂದ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಪೋರ್ಟ್‌ಲ್ಯಾಂಡಿಗೆ ಹೋಗಿ ನರದ ಡಾಕ್ಟರನ್ನು ನೋಡಬೇಕಂತೆ.

"ಬೇಟೆ ಮುಗಿಸ್ಕೊಂಡು ಹೋದ್ರೆ ಆಗಲ್ವಾ?" ಎಂದೆ.

ವರ್ನಾ ನನ್ನ ಕಡೆ ತಿರುಗಿ ನೋಡಿದ ರೀತಿಗೆ ಡಾಕ್ಟರೇ ಬೇರೆ ಕಡೆ ನೋಡಿದರು.

ಆಗಸ್ಟ್ 7

ಪೋರ್ಟ್‌ಲ್ಯಾಂಡ್. ಸೂಜಿ ಚುಚ್ಚಿದರು, ಕರೆಂಟು ಕೊಟ್ಟರು. ಆಮೇಲೆ ಬಾಗಿಲು ಮುಚ್ಚಿ ಕುರ್ಚಿ ಹತ್ತಿರ ಎಳೆದುಕೊಂಡರು. ಆಗಲೇ ಗೊತ್ತಾಯಿತು.

ನರಗಳು ಸಾಯುತ್ತಿವೆ. ಮೊದಲು ಈ ಕೈ. ಆಮೇಲೆ ಆ ಕೈ, ಕಾಲು, ನಾಲಿಗೆ. ಕೊನೆಗೆ ಉಸಿರು. ತಲೆ ಮಾತ್ರ ಕೊನೆಯವರೆಗೂ ಸರಿಯಾಗಿರುತ್ತದಂತೆ. ಅದನ್ನು ಒಳ್ಳೆಯ ಸುದ್ದಿಯ ಹಾಗೆ ಹೇಳಿದರು. ವಾಸಿಮಾಡುವ ಔಷಧ ಇಲ್ಲ. ಎರಡು ವರ್ಷ, ಮೂರು. ಕೆಲವರು ಹೆಚ್ಚು.

ಬರುವಾಗ ಟ್ರಕ್ ವರ್ನಾ ಓಡಿಸಿದಳು. ದಾರಿಯುದ್ದಕ್ಕೂ ರೇಡಿಯೋದಲ್ಲಿ ಬೇಸ್‌ಬಾಲ್. ಯಾರು ಯಾರ ಮೇಲೆ ಆಡುತ್ತಿದ್ದರೋ ಇಬ್ಬರಿಗೂ ಗೊತ್ತಿಲ್ಲ. ಆಫ್ ಮಾಡಲು ಇಬ್ಬರಿಗೂ ಧೈರ್ಯವಾಗಲಿಲ್ಲ.

ಆಗಸ್ಟ್ 8

ಏನೂ ಇಲ್ಲ.

ಆಗಸ್ಟ್ 12

ಐವತ್ತರ ಕಡ್ಡಿಗೆ ಗರಿ ಕಟ್ಟಿ ಹೊಡೆದೆ. ಎಡಕ್ಕೆ. ನಲವತ್ತೈದು. ಎಡಕ್ಕೆ. ನಲವತ್ತು — ಸ್ವಲ್ಪ ಎಡಕ್ಕೆ. ಕೆಳಗಿನ ಮೂಲೆಯಲ್ಲಿ ಮಕ್ಕಳ ಬಿಲ್ಲಿಗೆಂದು ಇಟ್ಟಿರುವ ಪೆಟ್ಟಿಗೆ ಇದೆ, ಮೂವತ್ತೈದರದು. ಅದರಿಂದ ಒಂದು ತೆಗೆದು ಹೊಡೆದೆ. ಸೀದಾ ಹೋಗಿ ನಡುಮಧ್ಯಕ್ಕೆ ನಾಟಿತು. ಎಷ್ಟು ಚೆಂದ ಹೋಯಿತು. ಬಾಲ ಕೂಡ ಅಲ್ಲಾಡಲಿಲ್ಲ.

ಅಂದರೆ ಈಗ ನನ್ನ ಎಳೆತ ಮೂವತ್ತೈದು ಪೌಂಡ್ ಅಷ್ಟೆ. ಅಲ್ಲಿಗೆ ಮುಗಿಯಿತು. ನಿಯಮದಂತೆ ಎಲ್ಕ್‌ಗೆ ಐವತ್ತಕ್ಕಿಂತ ಕಡಿಮೆಯ ಬಿಲ್ಲು ನಡೆಯುವುದಿಲ್ಲ. ನಿಯಮ ಹಾಳಾಗಿ ಹೋಗಲಿ, ಈ ಎಳೆತಕ್ಕೆ ಬಾಣ ಪಕ್ಕೆಲುಬಿನಲ್ಲೇ ನಿಂತುಬಿಡುತ್ತದೆ. ಆ ಪ್ರಾಣಿ ಅದನ್ನು ಹೊತ್ತುಕೊಂಡು ಕೀವಾಗಿ ವಾರಗಟ್ಟಲೆ ಸಾಯುತ್ತದೆ. ಅಂಥ ಸಾವು ಹೇಗಿರುತ್ತದೆ ಎಂದು ಈಗ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಿಗಿ ಕಳೆದುಕೊಂಡ ಕಡ್ಡಿಯನ್ನು ಎರಡನೇ ಸಲ ನೋಡದೆ ಒಲೆಗೆ ಎಸೆದುಕೊಂಡು ಬಂದವನು ನಾನು. ಇವತ್ತು ಒಲೆ ಹಚ್ಚಲಿಲ್ಲ. ಸುಮ್ಮನೆ ಅದರ ಮುಂದೆ ಕೂತಿದ್ದೆ. ಭಯವಾಗುತ್ತಿದೆ. ಯಾರಿಗೂ ಹೇಳಲಾರೆ, ಇಲ್ಲಿ ಬರೆಯುತ್ತೇನೆ — ತುಂಬ ಭಯವಾಗುತ್ತಿದೆ.

ಆಗಸ್ಟ್ 19

ಲೋವೆಲ್ ಬಂದಿದ್ದ. ಈ ವರ್ಷ ತಾನೂ ಹೋಗುವುದಿಲ್ಲವಂತೆ.

"ನೀನಿಲ್ದೆ ಏನ್ ಬೇಟೆ ಭಾವ. ಮನೇಲೇ ಇರ್ತೀನಿ. ಬೇಲಿ ರಿಪೇರಿ ಇದೆ."

"ಹತ್ತು ವರ್ಷದಿಂದ ಬಿದ್ದಿರೋ ಬೇಲಿ. ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಹೋಗು."

"ಒಬ್ನೇ ಹೋಗಿ ದಾರಿ ತಪ್ಪಿಸ್ಕೊಂಡ್ರೆ?"

"ತಪ್ಪಿಸ್ಕೊಂಡ್ರೆ ಊರಿಗೇ ಒಳ್ಳೇದು."

ನಗಬೇಕೆಂದು ಬಾಯಿ ತೆರೆದವನು ಅತ್ತುಬಿಟ್ಟ. ಇಷ್ಟೆತ್ತರದ ಆಳು, ಗರಗಸದ ಪಕ್ಕ ನಿಂತು, ಟೋಪಿಯಿಂದ ಮುಖ ಮುಚ್ಚಿಕೊಂಡು.

ಅಟ್ಟದ ಮೇಲಿನ ಕಂತೆ ಇಳಿಸು ಎಂದೆ. ಅಪ್ಪ ಕೊನೆಯದಾಗಿ ಕಡಿದ ಮರದ್ದು. ಬೆಂಕಿ ತಗಲಿ, ನಿಂತಲ್ಲೇ ನೂರು ವರ್ಷ ಒಣಗಿದ ಸೀಡರ್. ಒಂದಂಗುಲದಲ್ಲಿ ಎಣಿಸಲಾಗದಷ್ಟು ಎಳೆ, ಒಂದೂ ಓರೆಯಿಲ್ಲ. ಒಳ್ಳೆಯ ವರ್ಷ ಬಂದಾಗ ನನಗೇ ಬೇಕು ಎಂದು ಎತ್ತಿಟ್ಟಿದ್ದೆ. ಯಾವ ವರ್ಷವೂ ಅಷ್ಟು ಒಳ್ಳೆಯದು ಅನಿಸಲಿಲ್ಲ. ಹೋದ ವರ್ಷ ಅಟ್ಟಕ್ಕೆ ಏಣಿ ಕೂಡ ಹಾಕಿದ್ದೆ, ಬೇಡ, ಮುಂದಿನ ವರ್ಷ ಎಂದು ಇಳಿದುಬಿಟ್ಟೆ. ಈಗ ಅವು ಲೋವೆಲ್‌ನ ಅರವತ್ತರ ಬಿಲ್ಲಿಗೆ ಸರಿಯಾಗಿ ಹೊಂದುತ್ತವೆ. ಜರೀಪೊದೆಯಲ್ಲಿ ಕಳೆಯುವವನಿಗೆ!

ಆಗಸ್ಟ್ 20

ಆರಿಸಲು ಕೂತೆ. ಎಳೆ ನೋಡಿದೆ, ಬಿಗಿ ಅಳೆದೆ, ಮೇಜಿನ ಮೇಲೆ ಉರುಳಿಸಿ ಸೊಟ್ಟ ನೋಡಿದೆ. ಕೊನೆಯದು ಬಗ್ಗಿಸಿ ಕೇಳುವುದು. ಅದನ್ನು ಮಾಡದೆ ಯಾರಿಗೂ ಕಡ್ಡಿ ಕೊಟ್ಟವನಲ್ಲ. ಹಿಡಿದೆ. ಬೆರಳು ಮಡಚುವುದೇ ಇಲ್ಲ. ಕಡ್ಡಿ ಜಾರಿ ಕೆಳಗೆ ಬಿತ್ತು. ಎತ್ತಿದೆ, ಬಿತ್ತು. ಥೂ ಎಂದು ಮೇಜನ್ನು ಒದ್ದೆ, ಎಲ್ಲವೂ ಬಿದ್ದವು.

ಸದ್ದು ಕೇಳಿ ವರ್ನಾ ಬಂದಳು. ಬಾಗಿಲಲ್ಲಿ ನಿಂತಳು. ಆಮೇಲೆ ಹೊಸಿಲು ದಾಟಿದಳು. ಕಡ್ಡಿಗಳನ್ನೆಲ್ಲ ಆಯ್ದು ಮೇಜಿಗಿಟ್ಟಳು.

"ಹೇಗೆ ಮಾಡ್ಬೇಕು, ಹೇಳು."

"ನಿಂಗಾಗಲ್ಲ."

"ಬ್ರೆಡ್ ಹಿಟ್ಟು ನಾದೋ ಕೈ ಇದು. ಹೇಳು ಎಮೆಟ್."

ಹೇಳಿದೆ. ಎರಡೂ ತುದಿ ಹಿಡಿ, ನನ್ನ ಕಿವಿಯ ಪಕ್ಕ ತಾ, ಮೆಲ್ಲಗೆ ಬಗ್ಗಿಸು, ತಿರುಗಿಸು, ಮತ್ತೆ ಬಗ್ಗಿಸು. ನನ್ನ ಬೆನ್ನಿಗೆ ಆತು ನಿಂತು ಬಗ್ಗಿಸಿದಳು. ಕಣ್ಣು ಮುಚ್ಚಿ ಕೇಳಿದೆ. ಅವಳ ಉಸಿರೂ ಕೇಳುತ್ತಿತ್ತು.

"ಏನ್ ಕೇಳ್ಸುತ್ತೆ ನಿಂಗೆ?"

"ಏನೂ ಇಲ್ಲ."

"ಅಂದ್ರೆ ಕೆಟ್ಟದ್ದಾ?"

"ಏನೂ ಕೇಳಿಸ್ದೆ ಇದ್ರೇನೇ ಒಳ್ಳೇದು."

ಆಗಸ್ಟ್ 29

ಲೋವೆಲ್ ಹೋದ. ಟ್ರಕ್ ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸಿದೆ. ಎಡಗೈ.

ಸೆಪ್ಟೆಂಬರ್ 16

ಲೋವೆಲ್ ಎಲ್ಕ್ ಹೊಡೆದುಕೊಂಡು ಬಂದ. ಭಾರಿ ಗಂಡು. ಅಂಗಳದಿಂದಲೇ ಕೂಗುತ್ತ ಬಂದ.

"ಭಾವಾ! ಗೆರೆ ಎಳೆದ ಹಾಗೆ ಹೋಯ್ತು ನಿನ್ನ ಬಾಣ! ಕೂಗ್ತಾ ಕೂಗ್ತಾ ಎದುರಿಗೇ ಬಂತು, ಪಕ್ಕಕ್ಕೆ ತಿರುಗ್ತು, ಬಿಟ್ಟೆ. ನಿಂತಲ್ಲೇ ಕುಸೀತು. ಒದ್ದಾಡ್ಲೇ ಇಲ್ಲ!"

ಬಾಣವನ್ನು ನನ್ನ ಕೈಗಿಟ್ಟ. ರಕ್ತ ಒಣಗಿತ್ತು, ಕಡ್ಡಿ ಮುರಿದಿರಲಿಲ್ಲ. ಒಳ್ಳೆಯ ಕೆಲಸ ಕಣೋ ಎಂದೆ. ಬೆನ್ನು ತಟ್ಟಿದೆ.

ಸಂತೋಷವಾಗಲಿಲ್ಲ. ಹೊಟ್ಟೆ ಉರಿಯಿತು. ಅಪ್ಪನ ಮರ, ನಾನು ಕಾದಿಟ್ಟ ಕಡ್ಡಿ, ನನ್ನ ಬೆಟ್ಟ. ಎದುರಿಗೇ ಬಂತಂತೆ. ನನಗೆ ಒಂದು ಸಲವೂ ಹಾಗೆ ಬಂದದ್ದಿಲ್ಲ.

ರಾತ್ರಿ ವರ್ನಾ ಎಲ್ಕ್‌ನ ಗುಂಡಿಗೆ ಹುರಿದಳು, ಈರುಳ್ಳಿ ಹಾಕಿ. ಚಾಕು ಹಿಡಿಯಲು ಹೋದೆ, ತಟ್ಟೆಗೆ ಬಿತ್ತು. ಅವಳು ನನ್ನ ತಟ್ಟೆ ತನ್ನ ಕಡೆ ಎಳೆದುಕೊಂಡು ಮಾಂಸವನ್ನು ಸಣ್ಣಸಣ್ಣಗೆ ಹೆಚ್ಚಿದಳು. ಲೋವೆಲ್ ತನ್ನ ತಟ್ಟೆಯನ್ನೇ ನೋಡುತ್ತ ಕೂತಿದ್ದ. ತಿಂದೆ. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಅಕ್ಟೋಬರ್ 9

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದರಿದ ಹಾಗಿದೆ. ಇದೂ ಎಷ್ಟು ದಿನವೋ, ಪೆನ್ನು ಈಗಲೇ ಜಾರುತ್ತದೆ.

ಮಳೆ. ಫೋನ್ ಎತ್ತುವುದು ಬಿಟ್ಟಿದ್ದೇನೆ. ಶೆಡ್ಡಿಗೆ ಬೀಗ ಹಾಕು ಎಂದು ವರ್ನಾಗೆ ಹೇಳಿ ವಾರವಾಯಿತು. ಹಾಕಿಲ್ಲ. ಇವತ್ತು ಬೆಳಿಗ್ಗೆ ನನ್ನನ್ನು ಎಬ್ಬಿಸಿ, ಕೋಟು ತೊಡಿಸಿ, ತೋಳು ಹಿಡಿದು ಅಲ್ಲಿಗೇ ಕರೆದುಕೊಂಡು ಹೋದಳು. ಒಲೆ ಹಚ್ಚಿದ್ದಳು. ಶುಂಠಿ ವಾಸನೆ. ಅಟ್ಟದ ಕಂತೆಯಲ್ಲಿ ಉಳಿದ ಕಡ್ಡಿಗಳು ಮೇಜಿನ ಮೇಲಿದ್ದವು.

"ಯಾರಿಗೆ ಇವು?" ಎಂದೆ. ಈಗ ಮಾತೂ ಸ್ವಲ್ಪ ತೊದಲು.

"ಯಾರಿಗೂ ಇಲ್ಲ. ಕೂತ್ಕೋ."

ಹಿಂದೆ ನಿಂತು ಒಂದನ್ನು ಕಿವಿಯ ಪಕ್ಕ ತಂದಳು. ಬಗ್ಗಿಸಿದಳು. ಏನೂ ಕೇಳಿಸಲಿಲ್ಲ. ಒಳ್ಳೆಯ ಕಡ್ಡಿ, ಬಿರುಕಿಲ್ಲ, ಅಪ್ಪನ ಮರ. ಒಳ್ಳೆಯದು ಎಂದುಬಿಟ್ಟರೆ ಅದನ್ನು ಕೆಳಗಿಡುತ್ತಾಳೆ. ಹೀಗೆ ಒಂದೊಂದನ್ನೇ ಕೆಳಗಿಟ್ಟರೆ ಕಂತೆ ಮುಗಿದುಹೋಗುತ್ತದೆ.

"ಸರಿಯಾಗಿ ಕೇಳಿಸ್ಲಿಲ್ಲ," ಎಂದೆ. "ಇನ್ನೊಂದ್ಸಲ."

ಬಗ್ಗಿಸಿದಳು. ಅವಳ ಗಲ್ಲ ನನ್ನ ತಲೆಗೆ ತಾಗಿತ್ತು.

"ಇನ್ನೊಂದ್ಸಲ."

ಜೀವಮಾನದಲ್ಲಿ ಕಡ್ಡಿಯ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು. ಅವಳಿಗೂ ಗೊತ್ತು. ಗೊತ್ತಿದ್ದೂ ಮತ್ತೆ ಬಗ್ಗಿಸಿದಳು.