ಮೊಣಕೈ ಎತ್ತರದ ಕಟ್ಟೆ

ಶಿಬಿರ ಕೇಂದ್ರ, ಉಗ್ರಾಣದ ಪಕ್ಕದ ಕೋಣೆ
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ವೇದಿಕೆಯ ಮುಂದೆ ಆಕಳಿಸುತ್ತಿರುವ ಮಾನ್ಯರೇ, ಫೋಟೋ ಮುಗಿದೊಡನೆ ಹೊರಡಲು ಕಾಲಲ್ಲೇ ಚಪ್ಪಲಿ ಹುಡುಕುತ್ತಿರುವ ಮಹನೀಯರೇ, ಮತ್ತು ಇವರೆಲ್ಲರ ಪರವಾಗಿ ಒಬ್ಬಳೇ ಹಾಜರಿರುವ, ಹಾಜರಿದ್ದಾಳೆಂದು ನಾನು ನಂಬಿರುವ,

ಪ್ರೀತಿಯ ಚಿನಕುರುಳಿಯೇ,

ಕೆಮ್ಮು ಹೋಯಿತೇ? ಕಳೆದ ತಿಂಗಳು ಫೋನಿನಲ್ಲಿ “ಹ್ಞೂಂ” ಎನ್ನುವ ಮೊದಲು ಎರಡು ಸಲ ಕೆಮ್ಮಿದೆ. ಆಮೇಲೆ “ಸರಿ” ಎಂದೆ, ಆಮೇಲೆ “ಇಡ್ಲಾ?” ಎಂದೆ. ನಮ್ಮಿಬ್ಬರ ಸಂಭಾಷಣೆಯಲ್ಲಿ ಆ ಕೆಮ್ಮೇ ಎಲ್ಲಕ್ಕಿಂತ ಉದ್ದವಾಗಿತ್ತು. ತಣ್ಣೀರು ಬಿಡು, ಬಿಸಿನೀರು ಕುಡಿ, ಮಲಗುವ ಮುಂಚೆ ಕಿಟಕಿಗೆ ಅಗುಳಿ ಜಡಿ. ಪ್ರಾಸ ಬೇಕೆಂದು ಹಾಕಿದ್ದಲ್ಲ ಮಾರಾಯ್ತಿ, ಈ ವಯಸ್ಸಿಗೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ನನಗೆ ಇದು. ಉಳಿದಂತೆ ನಾನು ಗಟ್ಟಿಯಾಗಿಯೇ ಇದ್ದೇನೆ. ಕೂತರೆ ಏಳಲು ಒಂದು ಕಾರಣ ಬೇಕು, ಅಷ್ಟೆ.

ಈ ಹಳೆಯ ನೀರೆತ್ತುವ ಘಟಕದಲ್ಲಿ ಈಗ ಹದಿನಾರು ಹದಿನೇಳರ ಮಕ್ಕಳಿಗೆ ಪರಿಸರ ಶಿಬಿರ ನಡೆಯುತ್ತದೆ, ಅದರ ಉಸ್ತುವಾರಿ ನನ್ನದು ಎಂದು ನಿನಗೆ ಹಿಂದೆಯೇ ಹೇಳಿದ್ದೆ. ಶಿಬಿರವಿಲ್ಲದ ದಿನ ಇಷ್ಟು ದೊಡ್ಡ ಆವರಣಕ್ಕೆ ನಾನೊಬ್ಬನೇ. ಒಂದು ತಟ್ಟೆ, ಒಂದು ಲೋಟ. ತೊಳೆಯುವುದು ಸುಲಭ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಇನ್ನೊಂದು ತಟ್ಟೆಯೂ ಇದೆ. ಅದನ್ನು ವಾರಕ್ಕೊಮ್ಮೆ ಸುಮ್ಮನೆ ತೊಳೆದಿಡುತ್ತೇನೆ, ಧೂಳು ಕೂರುತ್ತದೆ ನೋಡು. ಇಲ್ಲಿಯ ದೊಡ್ಡ ಸುದ್ದಿಯೆಂದರೆ, ನಾನು ಅಂಗಳದಲ್ಲಿ ಒಂದು ಅಡುಗೆಮನೆ ಕಟ್ಟಿಸಿದ್ದೇನೆ. ಮಕ್ಕಳು ಪುಸ್ತಕ ಮುಚ್ಚಿಟ್ಟು, ಕೈಯಾರೆ ಬೇಯಿಸಿ, ತಿಂದು, ತೊಳೆದು ಕಲಿಯಲಿ ಎಂದು. ಬಿದ್ದುಹೋದ ಪಂಪುಮನೆಯ ಇಟ್ಟಿಗೆ, ಇಲ್ಲಿಯದೇ ಮಣ್ಣು, ಹುಲ್ಲು ಕಲಸಿದ ಗಿಲಾವು. ಎರಡು ಪಾತ್ರೆಗೆ ಒಂದೇ ಉರಿ ಸಾಕಾಗುವ ಒಲೆ, ಹೊಗೆಗೊಂದು ಕೊಳವೆ. ಪಾತ್ರೆ ತೊಳೆದ ನೀರು ಇದ್ದಿಲು, ಜಲ್ಲಿ, ಮರಳು ದಾಟಿ ತರಕಾರಿ ಮಡಿಗೆ ಹೋಗುತ್ತದೆ. ಗೋಡೆಗೆ ನನ್ನದೇ ಕೈಬರಹದ ಫಲಕ: “ಹಸಿ ಕಸ ಗುಂಡಿಗೆ, ಒಣ ಕಸ ಬಂಡಿಗೆ, ಬಡಿಸಿದ್ದೆಲ್ಲ ಹೊಟ್ಟೆಗೆ, ಬಿಟ್ಟರೆ ನನ್ನ ಸಿಟ್ಟಿಗೆ.” ಕನ್ನಡ ಮಾಧ್ಯಮದ ಪದವೀಧರ ಬದುಕಿನಲ್ಲಿ ಮತ್ತೇನು ಸಾಧಿಸಬೇಕು ಹೇಳು.

ಕಟ್ಟಿದವಳು ಮೇಸ್ತ್ರಿಯಕ್ಕ. ಅವಳ ಕೈ ಎಷ್ಟು ನಯವೋ ಬಾಯಿ ಅಷ್ಟೇ ಒರಟು. ತರಕಾರಿ ಹೆಚ್ಚುವ ಕಟ್ಟೆ, ಒಲೆ, ತೊಳೆಯುವ ತೊಟ್ಟಿ, ಇವು ಎಷ್ಟೆತ್ತರ ಬೇಕೆಂದು ಅವಳು ಕೇಳಿದ ದಿನ ನಾನು ಯೋಚನೆಯನ್ನೇ ಮಾಡಲಿಲ್ಲ. ಅಂಗೈಯನ್ನು ಗಾಳಿಯಲ್ಲಿ ಮಟ್ಟವಾಗಿ ಹಿಡಿದು “ಇಷ್ಟು” ಎಂದೆ. ಅವಳು ಟೇಪು ಹಿಡಿದು ಬರೆದುಕೊಂಡಳು. “ಸಾರ್, ಇದು ಸಾಕಾ?” ಎಂದಳು. “ನನ್ನ ಮಗಳಿಗೂ ಅಷ್ಟೇ ವಯಸ್ಸು, ನನಗೆ ಗೊತ್ತಿಲ್ವಾ?” ಎಂದು ಗತ್ತಿನಿಂದಲೇ ಹೇಳಿದೆ.

ಹೋದ ಬುಧವಾರ ಮೊದಲ ತಂಡ ಬಂತು. ಹದಿನೆಂಟು ಜನ. ಆಲೂಗಡ್ಡೆ ಹೆಚ್ಚಲು ನಿಂತರೆ ಎಲ್ಲರೂ ಸೊಂಟ ಮುರಿದುಕೊಂಡು, ನೆಲದ ಮೇಲೆ ಏನೋ ಕಳೆದುಕೊಂಡು ಹುಡುಕುತ್ತಿರುವವರ ಹಾಗೆ ಕಂಡರು. ಉದ್ದನೆಯ ಹುಡುಗನೊಬ್ಬ ಒಲೆಯ ಮುಂದೆ ಮಂಡಿಯೂರಿ ಕೂತೇಬಿಟ್ಟ. “ಸರ್, ಇದು ನಮ್ ತಂಗಿಯಂದಿರ ಬ್ಯಾಚಿಗೆ ಕಟ್ಟಿದ್ದಾ?” ಎಂದಳು ಒಬ್ಬಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆ ಮೇಸ್ತ್ರಿಯಕ್ಕನನ್ನು ಕರೆಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ನಾನು ಅವತ್ತೇ ಕೇಳ್ದೆ ತಾನೆ? ಮಗಳಿಗೆ ಎಷ್ಟು ವಯಸ್ಸು ಅಂದ್ರಿ?” “ಹದಿನೇಳು.” ಅವಳು ಕಟ್ಟೆಯ ಅಂಚು ಸವರಿದಳು. “ಈ ಕಟ್ಟೆಗೆ ನಿಲ್ಲೋ ಹುಡುಗಿಗೆ ಹತ್ತು ದಾಟಿರಲ್ಲ ಬಿಡಿ ಸಾರ್.” ಹಾಗೆಂದು ಕೈ ತೊಳೆಯಲು ಹೋದಳು.

ಗಾಳಿಯಲ್ಲಿ ಹಿಡಿದ ಅಂಗೈ ಯಾವುದರ ಎತ್ತರಕ್ಕಿತ್ತು ಎಂದು ಆಗ ಹೊಳೆಯಿತು. ನಿನ್ನ ಅಮ್ಮನಿಗೆ ಸಂಜೆ ಪಾಳಿ ಇದ್ದಾಗ ಹಳೆಯ ಮನೆಯಲ್ಲಿ ಟ್ರಂಕಿನ ಮೇಲೆ ಹಲಗೆ ಹಾಕಿ ನಿನಗೊಂದು ಕಟ್ಟೆ ಮಾಡಿಕೊಡುತ್ತಿದ್ದೆನಲ್ಲ, ಅದು. ನೀನು ಹುರುಳಿಕಾಯಿ ಮುರಿಯುತ್ತ ಚಟಪಟ ಸಿಡಿಯುತ್ತಿದ್ದೆ. ಶಾಲೆಯ ಬೆಲ್ಲು ಹೊಡೆಯುವವನಿಂದ ಹಿಡಿದು ಚಂದ್ರನವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಆಮೇಲೆ ನಾನೂ ನಿನ್ನ ಅಮ್ಮನೂ ಬೇರೆಯಾದೆವು, ನೀವಿಬ್ಬರೂ ಆ ಊರಿಗೆ ಹೋದಿರಿ. ನಾನು ಒಂದೇ ಸಲ ಬಂದೆ. ನೀನು ಕೋಣೆಯಿಂದ ಹೊರಗೆ ಬರಲಿಲ್ಲ. ಮುಚ್ಚಿದ ಬಾಗಿಲಿನ ಎದುರು ಕೂತು ಚಹಾ ಕುಡಿದು ವಾಪಸಾದೆ. ಮಗು ಮುನಿಸಿಕೊಂಡಿದೆ, ತಾನಾಗಿ ಕರೆಯುವವರೆಗೆ ಕಾಯಬೇಕು ಎಂದುಕೊಂಡೆ. ಹೇಡಿತನಕ್ಕೆ ತಾಳ್ಮೆ ಎಂದು ಹೆಸರಿಟ್ಟುಕೊಂಡು ಏಳು ವರ್ಷ ಕಳೆದೆ. ಫೋನಿನಲ್ಲಿ ನಿನ್ನ ಹೆಸರಿನ ಪಕ್ಕ ಇರುವುದು ಬೆಕ್ಕಿನ ಚಿತ್ರ. ಮುದ್ದಾಗಿದೆ, ಆದರೆ ಅದನ್ನು ನೋಡಿ ಮಗಳು ಬೆಳೆದಿದ್ದು ತಿಳಿಯುವುದಿಲ್ಲ.

ಸಿಮೆಂಟಿನಲ್ಲಿ ಕಟ್ಟಿದ್ದರೆ ತಪ್ಪು ನನಗಿಂತ ಹೆಚ್ಚು ಕಾಲ ಬಾಳುತ್ತಿತ್ತು. ಇದು ಮಣ್ಣು. ಮೇಲಿನ ಗಿಲಾವು ಕೆತ್ತಿ, ನೆನೆಸಿ, ತುಳಿದು, ಮೂರು ವರಸೆ ಇಟ್ಟಿಗೆ ಏರಿಸಿ ಅದನ್ನೇ ಮತ್ತೆ ಬಳಿಯಬಹುದು, ಒಂದು ಬುಟ್ಟಿ ಮಣ್ಣೂ ಹಾಳಾಗುವುದಿಲ್ಲ ಎಂದು ಮೇಸ್ತ್ರಿಯಕ್ಕ ಹೇಳಿದಳು. ಮಕ್ಕಳಿಗೆ ಅದೂ ಒಂದು ಪಾಠವಾಯಿತು; ಇಂಥ ಪಾಠ ನನ್ನ ವೇಳಾಪಟ್ಟಿಯಲ್ಲಿ ಇರಲಿಲ್ಲ. ಅವರು ಶುಕ್ರವಾರ ಹೊರಟುಹೋದರು. ಅಂದಿನಿಂದ ಇಲ್ಲಿ ಮಾತಾಡಿದವನು ನಾನೊಬ್ಬನೇ, ಅದೂ ಒಲೆಯ ಜೊತೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಬೇಡವೆನಿಸಿದರೆ ತಿಳಿಸಬೇಡ, ನಿನ್ನ ಹತ್ತಿರವೇ ಇರಲಿ. ಚೆನ್ನಾಗಿ ಓದು, ಹೊಟ್ಟೆ ತುಂಬ ತಿನ್ನು, ಯಾರಿಗೂ ತಲೆ ತಗ್ಗಿಸದೆ ಬಾಳು.

ಇಂತಿ ನಿನ್ನ,
ಅಪ್ಪ

ಮರೆತ ಮಾತು: ಮೇಸ್ತ್ರಿಯಕ್ಕ ನಾಳೆಯಲ್ಲ, ಅದರ ಮುಂದಿನ ಸೋಮವಾರ ಕೆಲಸ ಶುರು ಮಾಡುತ್ತಾಳೆ. ಅಷ್ಟರೊಳಗೆ ಚಪ್ಪಲಿ ಬಿಟ್ಟು ಗೋಡೆಗೊರಗಿ ನಿಂತು, ನೆಲದಿಂದ ನಿನ್ನ ಮೊಣಕೈಯವರೆಗೆ ಎಷ್ಟಾಗುತ್ತದೆಂದು ಅಳೆದು ತಿಳಿಸು. ಬರೀ ಅಂಕಿ ಬರೆದರೂ ಸಾಕು. ಕಟ್ಟೆಗೆ ಬೇಕಾಗಿದೆ, ಕೆಲಸದ ವಿಷಯ, ಬೇರೇನೂ ಅಲ್ಲ.

ಸುಳ್ಳು. ಹದಿನೆಂಟು ಮಕ್ಕಳ ಮೊಣಕೈಯನ್ನೂ ಅವಳು ಶುಕ್ರವಾರವೇ ಅಳೆದುಕೊಂಡು ಹೋಗಿದ್ದಾಳೆ. ಕಟ್ಟೆಗೆ ನಿನ್ನ ಅಳತೆ ಬೇಕಾಗಿಲ್ಲ. ನೀನು ಈಗ ಎಷ್ಟೆತ್ತರ ಇದ್ದೀಯೆಂದು ನನಗೆ ಗೊತ್ತಿಲ್ಲ ಮಗಳೇ.